ನೀರು ಅರ್ಧಕ್ಕಿದೆ

"ದೊಡ್ಡ ಸ್ಪ್ಯಾನರ್ ಕೊಡಿ ಭಾವ," ಎಂದು ಮೆಕ್ಯಾನಿಕ್ ಬಾಯ್ಲರಿನ ತೆರೆದ ಬಾಗಿಲೊಳಗಿಂದ ಕೈ ಚಾಚಿದ. ಅವನ ತಲೆ, ಭುಜಗಳೆಲ್ಲ ಒಳಗಿದ್ದವು. ವೈರ್ ಬ್ರಷ್ಷಿನಿಂದ ಕೆರೆದ ಮಸಿ ಮೂಗಿನೊಳಕ್ಕೆ ಇಳಿದಿತ್ತು. ಚಾಚಿದ ಕೈ ಚಾಚಿದಂತೆಯೇ ಉಳಿಯಿತು. ಸ್ಪ್ಯಾನರ್ ಬರಲಿಲ್ಲ.

ಅವನು ಹಿಂದಕ್ಕೆ ಸರಿದು ಹೊರಗೆ ಇಣುಕಿದ. ಭಾವ ಗೋಡೆಯ ಹಲಗೆಯ ಮುಂದೆ ನಿಂತಿದ್ದ. ಸಲಕರಣೆಗಳನ್ನು ತೂಗುಹಾಕುವ ಹಲಗೆ ಅದು. ಅವನ ಬೆರಳುಗಳು ಒಂದು ಖಾಲಿ ಮೊಳೆಯನ್ನು ಸವರುತ್ತಿದ್ದವು. ಕೆಳಗಿಳಿದವು, ಮತ್ತೆ ಮೇಲೇರಿದವು. ಸ್ಪ್ಯಾನರ್ ಪಕ್ಕದ ಮೊಳೆಯಲ್ಲಿ, ಅವನ ಮೂಗಿನ ನೇರಕ್ಕೇ ತೂಗುತ್ತಿತ್ತು. ಬೆಳಿಗ್ಗೆ ಮೆಕ್ಯಾನಿಕ್ಕೇ ಅದನ್ನು ಬಳಸಿ, ಕಂಡ ಮೊಳೆಗೆ ಸಿಕ್ಕಿಸಿದ್ದ.

"ಯಾವನೋ ಜಾಗ ತಪ್ಪಿಸಿದ್ದಾನೆ," ಭಾವ ಗೊಣಗಿದ. "ತಗೊಂಡಿದ್ದನ್ನ ತಗೊಂಡ ಜಾಗದಲ್ಲೇ ಇಡಿ ಅಂತ ಬಡ್ಕೊಂಡು ಬಡ್ಕೊಂಡು ಸಾಕಾಯ್ತು."

"ಪಕ್ಕದಲ್ಲೇ ಇದೆಯಲ್ಲ."

"ಹ್ಞಾಂ, ಕಂಡ್ತು ಕಂಡ್ತು," ಎನ್ನುತ್ತ ಭಾವ ಎಡಕ್ಕೆ ಕೈ ಹಾಕಿದ. ಸ್ಪ್ಯಾನರ್ ಇದ್ದದ್ದು ಬಲಕ್ಕೆ.

ಮೆಕ್ಯಾನಿಕ್ ತಾನೇ ಎದ್ದು ಹೋಗಿ ಅದನ್ನು ತೆಗೆದುಕೊಂಡ. ಕೋಣೆಯನ್ನು ಮೊದಲ ಸಲ ನೋಡುವವನಂತೆ ಸುತ್ತ ನೋಡಿದ.

ಆಸ್ಪತ್ರೆಯ ನೆಲಮಾಳಿಗೆಯ ಆ ಬಾಯ್ಲರ್ ಕೋಣೆಯ ಅಚ್ಚುಕಟ್ಟು ಎಲ್ಲರ ಬಾಯಲ್ಲೂ ಇತ್ತು. ನೆಲಕ್ಕೆ ಕೆಂಪು ಬಣ್ಣ, ಬಿಸಿ ಕೊಳವೆಗೊಂದು ಪಟ್ಟಿ, ತಣ್ಣೀರಿನದಕ್ಕೊಂದು ಪಟ್ಟಿ. ಹಿತ್ತಾಳೆಯ ವಾಲ್ವುಗಳು ಈಗಷ್ಟೇ ಅಂಗಡಿಯಿಂದ ತಂದವುಗಳಂತೆ ಥಳಥಳ. ಬಕೆಟ್ಟಿಗೆ ಒಂದು ಜಾಗ, ಕುರ್ಚಿಗೆ ಒಂದು ಜಾಗ, ಒರೆಸುವ ಬಟ್ಟೆಗೆ ಒಂದು ಜಾಗ. ಮೇಲಿನಿಂದ ಯಾರಾದರೂ ಇಳಿದು ಬಂದರೆ ಬಾಗಿಲಲ್ಲೇ ಕಾಲು ಒರೆಸಿಕೊಳ್ಳಬೇಕು. 'ಆ ನೆಲದ ಮೇಲೆ ಊಟ ಬಡಿಸಬಹುದು, ಆದರೆ ಉಣ್ಣೋಕೆ ಅವನು ಬಿಡಬೇಕಲ್ಲ' ಎಂದು ವಾರ್ಡಿನ ಆಯಾಗಳು ನಗುತ್ತಿದ್ದರು. ವರ್ಷವರ್ಷವೂ ಸರ್ವೀಸಿಗೆ ಬರುವ ಮೆಕ್ಯಾನಿಕ್ ಕೂಡ ಅದನ್ನು ಭಾವನ ಜಂಭವೆಂದೇ ತಿಳಿದಿದ್ದ. ಇದು ಕಣ್ಣು ಕಾಣದವನು ಕಟ್ಟಿಕೊಂಡ ವ್ಯವಸ್ಥೆ ಎಂದು ಈಗ ಹೊಳೆಯಿತು.

ಹೊಳೆದದ್ದೇ ತಡ, ಎದೆಯಲ್ಲಿ ಏನೋ ಒಂದು ಹಾಯೆನಿಸಿತು. ಹಾಗೆನಿಸಿದ್ದಕ್ಕೆ ಅವನಿಗೆ ನಾಚಿಕೆಯೇನೂ ಆಗಲಿಲ್ಲ.

ಅಕ್ಕ ಹೋಗಿ ಎರಡು ಚಳಿಗಾಲ ಕಳೆದಿದ್ದವು. ಎದೆಯ ಕಾಯಿಲೆ. ಆಸ್ಪತ್ರೆಯ ಹಿತ್ತಲಿನ ಕ್ವಾರ್ಟರ್ಸಿಗೆ ಬಾಯ್ಲರಿನ ಕೊಳವೆ ಹೋಗಿರಲಿಲ್ಲ. ಇಡೀ ಆಸ್ಪತ್ರೆಯನ್ನು ಬೆಚ್ಚಗಿಡುವವನ ಹೆಂಡತಿ ಎರಡು ಕಂಬಳಿಯೊಳಗೆ ನಡುಗುತ್ತ ಮಲಗಿದ್ದಳು. ಅದನ್ನು ನೋಡಿದ ತಮ್ಮ ನೇರ ನೆಲಮಾಳಿಗೆಗೆ ಬಂದು, "ಹಗಲು ಹೊತ್ತಾದ್ರೂ ಅವಳನ್ನ ಇಲ್ಲಿ ಕೂರಿಸ್ಕೊಳ್ಳಿ ಭಾವ, ಬೆಚ್ಚಗಿರ್ತಾಳೆ," ಎಂದು ಕೇಳಿಕೊಂಡಿದ್ದ. ಭಾವ ಗೇಜು ಒರೆಸುತ್ತಿದ್ದವನು ತಿರುಗಿಯೂ ನೋಡದೆ, "ಇದು ಕೆಲಸದ ಜಾಗ ಕಣೋ. ಕೆಮ್ಮೋರು ಕೂರೋ ಜಾಗ ಅಲ್ಲ," ಎಂದಿದ್ದ. ಆ ಮಾತು ಮೆಕ್ಯಾನಿಕ್ಕನ ಗಂಟಲಲ್ಲಿ ಮುಳ್ಳಿನ ಹಾಗೆ ಹಾಗೇ ಕೂತಿತ್ತು. ನುಂಗಲೂ ಇಲ್ಲ, ಉಗಿಯಲೂ ಇಲ್ಲ.

ಅವನು ಸದ್ದಿಲ್ಲದೆ ಬಕೆಟ್ಟನ್ನು ಎತ್ತಿ ಕುರ್ಚಿಯ ದಾರಿಗೆ ಇಟ್ಟ.

"ಭಾವ, ಆ ಒರೆಸೋ ಬಟ್ಟೆ ತರ್ತೀರಾ?"

ಭಾವ ಎಂದಿನ ಠೀವಿಯಲ್ಲೇ ಹೊರಟ. ಬಕೆಟ್ಟು ಉರುಳಿತು, ಮಸಿ ಕದಡಿದ ನೀರು ಕೆಂಪು ನೆಲದ ತುಂಬ ಹರಿಯಿತು, ಅವನು ಮೊಣಕಾಲೂರಿ ಬಿದ್ದ. ಏಳುವ ಮೊದಲು ಅವನ ಕೈ ನೆಲವನ್ನು ತಡವರಿಸಿತು, ಬಕೆಟ್ಟಿನ ಅಂಚನ್ನು ಮುಟ್ಟಿತು, ಅದು ನಿಂತಿದ್ದ ಜಾಗವನ್ನು ಅಳೆಯಿತು. ಆಮೇಲೆ ಅವನು ಏಳುವ ಗೋಜಿಗೇ ಹೋಗಲಿಲ್ಲ. ಒದ್ದೆಯಲ್ಲೇ ಕೂತು ಕೇಳಿದ:

"ಗೊತ್ತಾಯ್ತಾ ನಿಂಗೆ?"

"ಎಷ್ಟು ಕಾಣುತ್ತೆ?"

"ಬೆಳಕು ಕಾಣುತ್ತೆ. ಆಳು ಬಂದ್ರೆ ನೆರಳಿನ ಹಾಗೆ ಕಾಣುತ್ತೆ. ಬಾಯ್ಲರ್ ಸದ್ದಿನ ಮೇಲೇ ನಂಗೆ ಎಲ್ಲ ತಿಳಿಯುತ್ತೆ ಕಣೋ, ಇಷ್ಟು ವರ್ಷ ಅದರ ಜೊತೆ ಏಗಿದ್ದೀನಿ. ನೀರಿನ ಮಟ್ಟ ತೋರಿಸೋ ಗಾಜು ಒಂದನ್ನ ಮಗಳು ಬಂದು ನೋಡಿ ಹೇಳ್ತಾಳೆ." ಧ್ವನಿ ಇಳಿಯಿತು. "ಯಾರಿಗೂ ಹೇಳ್ಬೇಡಪ್ಪ. ಕೆಲಸ ಹೋದ್ರೆ ಮನೆಯೂ ಹೋಗುತ್ತೆ. ನಿಮ್ಮಕ್ಕನ ಮಗಳ ಮುಖ ನೋಡು."

ಭಾವ ಹಿಂದೆಂದೂ ಅವನನ್ನು 'ಅಪ್ಪ' ಎಂದು ಕರೆದವನಲ್ಲ. ಅಕ್ಕನ ಮದುವೆಯಾದಾಗಿನಿಂದ 'ಲೋ', 'ಕಣೋ' ಬಿಟ್ಟರೆ ಬೇರೆ ಮಾತಿರಲಿಲ್ಲ.

"ಏಳಿ ಭಾವ," ಎಂದು ಮೆಕ್ಯಾನಿಕ್ ರಟ್ಟೆ ಹಿಡಿದು ಎಬ್ಬಿಸಿದ. "ನಾನು ಬಾಯಿ ಬಿಡಲ್ಲ."

"ಆಣೆ?"

"ಅಕ್ಕನ ಆಣೆ. ನನ್ನ ಬಾಯಿಂದ ಒಂದು ಮಾತು ಬರಲ್ಲ."

ಮಧ್ಯಾಹ್ನದ ಹೊತ್ತಿಗೆ ಕೆಲಸ ಮುಗಿಯುತ್ತ ಬಂತು. ಕೊಳವೆಗಳ ಮಸಿ ತೆಗೆದಾಗಿತ್ತು, ಬರ್ನರ್ ಬಿಚ್ಚಿ ತೊಳೆದು ಜೋಡಿಸಿಯಾಗಿತ್ತು, ಬಾಗಿಲಿಗೆ ಹೊಸ ಗ್ಯಾಸ್ಕೆಟ್ ಕೂತಿತ್ತು. ಭಾವ ಹಗುರಾಗಿದ್ದ, ಹಳೆಯ ಜೋಕುಗಳನ್ನು ಹೇಳಿದ, ತಾನೇ ನಕ್ಕ. ಲಾಂಡ್ರಿಯಲ್ಲಿ ಕೆಲಸಕ್ಕಿದ್ದ ಮಗಳು ಡಬ್ಬಿ ತಂದಾಗ, "ನಿಮ್ಮ ಮಾವನಿಗೂ ಬಡಿಸಮ್ಮ, ಬೆಳಿಗ್ಗೆಯಿಂದ ದುಡಿದು ಬಳಲಿದ್ದಾನೆ," ಎಂದ. ಮೂವರೂ ಕೂತು ಉಂಡರು. ಮೆಕ್ಯಾನಿಕ್ ಎರಡನೇ ಸಲ ಬಡಿಸಿಕೊಂಡ.

ಊಟವಾದ ಮೇಲೆ ಅವನು ಅವಳಿಗೆ, "ಮೇಲೆ ಹೋಗಿ ಆಫೀಸಿನ ಮೇಡಂನ ಕರ್ಕೊಂಡು ಬಾ, ಬಾಯ್ಲರ್ ಹಚ್ಚೋದನ್ನ ಅವರು ನೋಡ್ಬೇಕು," ಎಂದ. ಅವಳು ತಂದೆಯ ಕಡೆ ನೋಡಿ ಅನುಮಾನಿಸಿದಳು.

"ಹೋಗಮ್ಮ. ನಾನಿದ್ದೀನಲ್ಲ."

ಅವಳು ಹೋದ ಮೇಲೆ ಅವನು ಬಾಯ್ಲರಿಗೆ ನೀರು ಬಿಟ್ಟ. ನೀರು ಏರುವ ಸದ್ದನ್ನು ಭಾವ ಕತ್ತು ವಾಲಿಸಿ ಆಲಿಸಿದ.

"ಅರ್ಧಕ್ಕೆ ಬಂದಿದೆ ಭಾವ," ಎಂದು ಮೆಕ್ಯಾನಿಕ್ ಕಿವಿಯ ಹತ್ತಿರ ಬಾಗಿ ಹೇಳಿದ. "ಮೇಡಂ ಮುಂದೆ ನಾನು ಕೇಳ್ತೀನಿ, ನೀವು ಹೇಳಿ."

ಭಾವ ಅವನ ಕೈಯನ್ನು ಹುಡುಕಿ ಹಿಡಿದು ಒತ್ತಿದ. ಕಣ್ಣು ತುಂಬಿ ಬಂದಿತ್ತು.

ಕೈ ಬಿಡಿಸಿಕೊಂಡ ಮೆಕ್ಯಾನಿಕ್, ನೀರಿನ ಮಟ್ಟ ತೋರಿಸುವ ಗಾಜಿನ ಕೊಳವೆಯ ಹತ್ತಿರ ಹೋದ. ಅದರ ಮೇಲಿನ ತಿರುಪನ್ನೂ ಕೆಳಗಿನ ತಿರುಪನ್ನೂ ಮುಚ್ಚಿದ. ತಳದ ಪುಟ್ಟ ನಳವನ್ನು ತೆರೆದು, ಸದ್ದಾಗದಂತೆ ಕೆಳಗೆ ಬಟ್ಟೆ ಹಿಡಿದ. ಗಾಜಿನಲ್ಲಿದ್ದ ನೀರು ಇಳಿದು ಬಟ್ಟೆಗೆ ಸೇರಿತು. ಬಾಯ್ಲರಿನೊಳಗೆ ನೀರು ಬೇಕಾದಷ್ಟಿತ್ತು. ಗಾಜು ಮಾತ್ರ ಬರಿದೋ ಬರಿದು. ಈ ಕೋಣೆಯ ಮೇಲೆ ಮಕ್ಕಳ ವಾರ್ಡಿದೆ, ಕುರುಡನ ಕೈಗೆ ಬಾಯ್ಲರ್ ಕೊಡಬಾರದು ಎಂದು ಆಮೇಲೆ ಅವನು ಎಷ್ಟೋ ಜನರಿಗೆ ಹೇಳಿದ. ಅದು ಸುಳ್ಳೂ ಅಲ್ಲ. ಆದರೆ ಆ ನಳವನ್ನು ತಿರುಗಿಸುವಾಗ ಅವನ ತಲೆಯಲ್ಲಿ ಒಂದು ಮಗುವೂ ಇರಲಿಲ್ಲ.

ಆಡಳಿತ ನೋಡಿಕೊಳ್ಳುವ ಮೇಡಂ ಬಂದು ಬಾಗಿಲಲ್ಲಿ ಕಾಲೊರೆಸಿಕೊಂಡರು. "ನಿಮ್ಮ ಕೋಣೆ ನೋಡಿದ್ರೆ ನಮ್ಮ ಆಪರೇಷನ್ ಥಿಯೇಟರಿಗೇ ಹೊಟ್ಟೆಕಿಚ್ಚಾಗ್ಬೇಕು," ಎಂದು ವರ್ಷವೂ ಹೇಳುವ ಮಾತನ್ನೇ ಹೇಳಿದರು. ಭಾವ ಅಂಗಿಯ ಮೇಲಿನ ಗುಂಡಿ ಹಾಕಿಕೊಂಡು ನೆಟ್ಟಗೆ ನಿಂತ.

"ಹಚ್ಚೋಕೆ ಮುಂಚೆ ನೀರು ನೋಡಿ ಹೇಳ್ಬೇಕಾದ್ದು ಆಪರೇಟರ್, ಮೇಡಂ," ಎಂದ ಮೆಕ್ಯಾನಿಕ್. "ಭಾವ, ನೀರು ಎಲ್ಲಿದೆ ನೋಡಿ."

ಭಾವ ಲೆಕ್ಕ ತಪ್ಪದ ಹೆಜ್ಜೆಗಳಲ್ಲಿ ಗಾಜಿನ ಮುಂದೆ ಹೋದ. ಸೊಂಟ ಬಗ್ಗಿಸಿದ. ಕಣ್ಣು ಕಿರಿದು ಮಾಡಿ, ಬೇಕಾದ್ದಕ್ಕಿಂತ ತುಸು ಹೆಚ್ಚೇ ಹೊತ್ತು ನೋಡಿದ. ಮೇಡಂ ಹಿಂದಿನಿಂದ ಇಳಿದು ಬಂದ ಮಗಳಿಗೆ ಬಾಗಿಲಿನಿಂದಲೇ ಗಾಜು ಕಂಡಿತು.

"ಅಪ್ಪಾ—"

"ಅರ್ಧಕ್ಕಿದೆ ಮೇಡಂ," ಎಂದ ಭಾವ, ತುಂಬು ಧ್ವನಿಯಲ್ಲಿ. "ಅರ್ಧಕ್ಕಿಂತ ಒಂದು ಕೂದಲೆಳೆ ಮೇಲೇ ಇದೆ. ಧಾರಾಳವಾಗಿ ಹಚ್ಚಬಹುದು."

ಮೇಡಂ ಗಾಜನ್ನು ನೋಡಿದರು, ಅವನ ಮುಖವನ್ನು ನೋಡಿದರು, ಮತ್ತೆ ಗಾಜನ್ನು ನೋಡಿದರು. ಮೌನ ಉದ್ದವಾದಂತೆ ಭಾವನ ಮುಖದ ನಗು ಅಲ್ಲಲ್ಲೇ ಕುಸಿಯತೊಡಗಿತು. ಅವನು ಕೈ ಎತ್ತಿ, ತಣ್ಣನೆಯ ಗಾಜಿನ ಮೇಲೆ ಬೆರಳಾಡಿಸಿದ. ಮುಚ್ಚಿದ ತಿರುಪು ಬೆರಳಿಗೆ ಸಿಕ್ಕಿತು. ಬೆರಳು ಅಲ್ಲೇ ನಿಂತಿತು.

"ನೀನು ಮಾತು ಕೊಟ್ಟಿದ್ದೆ," ಎಂದ, ಯಾವ ದಿಕ್ಕಿಗೂ ತಿರುಗದೆ.

"ನಾನೇನೂ ಹೇಳ್ಲಿಲ್ಲವಲ್ಲ ಭಾವ," ಎಂದ ಮೆಕ್ಯಾನಿಕ್.

ಮೇಡಂ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. "ಎಷ್ಟು ದಿನದಿಂದ ಹೀಗೆ?" ಎಂದು ಮೆಲ್ಲಗೆ ಕೇಳಿ, ಉತ್ತರಕ್ಕೆ ಕಾಯದೆ, "ಮೇಲೆ ಮಕ್ಕಳಿದ್ದಾರಲ್ರೀ," ಎಂದರು. ಕೀಲಿಗಳನ್ನು ಮೆಕ್ಯಾನಿಕ್ಕನ ಕೈಗೆ ಕೊಡಿಸಿ, ಬೇರೆ ಆಪರೇಟರ್ ಸಿಗುವ ತನಕ ಅವನೇ ನೋಡಿಕೊಳ್ಳಬೇಕೆಂದು ಹೇಳಿ ಮೆಟ್ಟಿಲು ಹತ್ತಿದರು. ಮನೆಯ ವಿಷಯ ನಾಳೆ ಮಾತಾಡೋಣ ಎಂದೂ ಹೇಳಿದರು.

ಭಾವ ಕುರ್ಚಿಯ ಬೆನ್ನಿಗಿದ್ದ ಸ್ವೆಟರನ್ನು ತಾನೇ ತೆಗೆದುಕೊಂಡು, ಗೋಡೆ ಸವರದೆ, ಯಾರ ಕೈಯನ್ನೂ ಹಿಡಿಯದೆ ಮೆಟ್ಟಿಲೇರಿದ. ಮಗಳು ಊಟದ ಡಬ್ಬಿಗಳನ್ನು ಕಟ್ಟುತ್ತ ಹಿಂದೆ ಉಳಿದಳು.

"ನಿಮ್ಮಮ್ಮನಿಗೆ ಇವನು ಮಾಡಿದ್ದು ನಿಂಗೆ ಗೊತ್ತಿಲ್ವಾ?" ಅವಳು ಕೇಳುವ ಮೊದಲೇ ಮೆಕ್ಯಾನಿಕ್ ಹೇಳತೊಡಗಿದ. "ಇಷ್ಟು ಬೆಚ್ಚಗಿರೋ ಜಾಗದಲ್ಲಿ ಒಂದು ಮೂಲೆ ಕೊಡ್ಲಿಲ್ಲ. ಒಂದು ದಿನ ಕಾಲಿಡೋಕೆ ಬಿಡ್ಲಿಲ್ಲ."

"ಅಮ್ಮ ದಿನಾ ಬರ್ತಿದ್ಲು ಮಾವ."

ಮೆಕ್ಯಾನಿಕ್ ಅವಳ ಕಡೆ ತಿರುಗಿದ.

"ಬೆಳಕು ಹರಿಯೋಕೆ ಮುಂಚೆ ಬಂದು ಗಾಜು ನೋಡಿ ಹೇಳಿ ಹೋಗ್ತಿದ್ಲು. ಆ ಚಳೀಲಿ, ಆ ಕೆಮ್ಮಲ್ಲಿ. ಕೂತ್ರೆ ಜನ ಯಾಕೆ ಏನು ಅಂತ ಕೇಳ್ತಾರೆ ಅಂತ ಅಪ್ಪ ಕೂರಿಸ್ತಿರಲಿಲ್ಲ. ಏಳೋಕೇ ಆಗದೆ ಇದ್ದಾಗ ನಂಗೆ ಹೇಳಿಕೊಟ್ಲು." ಅವಳು ಡಬ್ಬಿಯ ಮುಚ್ಚಳವನ್ನು ಒತ್ತಿ ಹಾಕಿದಳು. "ಅಪ್ಪ ಒಳ್ಳೆಯವನು ಅಂತ ನಾನು ಹೇಳ್ತಿಲ್ಲ."

"ನಂಗ್ಯಾಕೆ ಅವಳು ಒಂದು ಮಾತು ಹೇಳ್ಲಿಲ್ಲ?"

"ನಿಂಗೆ ಮಾತ್ರ ಗೊತ್ತಾಗಬಾರದು ಅಂದಿದ್ಲು. 'ಅವನ ಕೈಗೆ ಸಿಕ್ಕಿದ್ರೆ ಬಿಡೋನಲ್ಲ, ನನ್ನ ತಮ್ಮ ನಂಗೆ ಗೊತ್ತಿಲ್ವಾ' ಅಂದಿದ್ಲು."

ಅವಳು ಹೋದಳು. ಅವನು ಗಾಜಿನ ತಿರುಪುಗಳನ್ನು ತೆರೆದ. ನೀರು ಮೆಲ್ಲಗೆ ಏರಿ ಅರ್ಧದಲ್ಲಿ ನಿಂತಿತು. ಬರ್ನರ್ ಹಚ್ಚಿದ. ಅದು ಒಂದೇ ಏಟಿಗೆ ಹತ್ತಿಕೊಂಡು, ಎಲ್ಲೂ ತಡವರಿಸದೆ ಉರಿಯಿತು. ಕೋಣೆ ಬೆಚ್ಚಗಾಗತೊಡಗಿತು. ಕೂರಬೇಕೆನಿಸಲಿಲ್ಲ.

ಚಾವಣಿಯ ಹತ್ತಿರ, ಹೊರಗಿನ ನೆಲದ ಮಟ್ಟಕ್ಕೆ, ಒಂದು ಸಣ್ಣ ಕಿಟಕಿ. ಅದರಾಚೆ ಇಳಿಹೊತ್ತಿನ ಅಂಗಳದಲ್ಲಿ ಎರಡು ಜೊತೆ ಕಾಲುಗಳು ಬಂದು ನಿಂತವು. ಮುಂದೆ ಚರಂಡಿಯಿತ್ತು. ಹೆಣ್ಣುಕಾಲುಗಳು ದಾಟಿ, ತಿರುಗಿ, ಕಾದವು. ಮಸಿನೀರು ಒಣಗಿದ ಪ್ಯಾಂಟಿನ ಕಾಲೊಂದು ಮೇಲೆದ್ದು, ಗಾಳಿಯಲ್ಲಿ ಆ ಕಡೆಯ ಅಂಚನ್ನು ಹುಡುಕುತ್ತ ಹಾಗೇ ನಿಂತಿತು.