ಭಾವ ನಂಬಿದ ಕಾರು

ನನ್ನ ಭಾವ ಯಾವ ಕಾರಿನ ಬಳಿಗೂ ನೆಟ್ಟಗೆ ನಡೆದು ಹೋದವರಲ್ಲ. ಮೊದಲು ದೂರದಲ್ಲಿ ನಿಂತು, ಕತ್ತು ಒಂದಿಷ್ಟು ವಾಲಿಸಿ, ಅದು ನಾಲ್ಕು ಚಕ್ರಗಳ ಮೇಲೂ ಸಮನಾಗಿ ನಿಂತಿದೆಯೇ ಎಂದು ಪರೀಕ್ಷಿಸುತ್ತಾರೆ. ಆಮೇಲೆ ಬಳಸಿಕೊಂಡು ಬಂದು, ಮಾರುವವನು ಚಾಚಿದ ಕೈಯನ್ನು ಗಾಳಿಯಲ್ಲೇ ಬಿಟ್ಟು, ತಮ್ಮ ಅಂಗೈಯನ್ನು ಬಾನೆಟ್ಟಿನ ಮೇಲೆ ಇಡುತ್ತಾರೆ. ಬಾನೆಟ್ಟು ಬೆಚ್ಚಗಿದ್ದರೆ ಮಾತುಕತೆ ಅಲ್ಲಿಗೇ ಮುಗಿಯಿತು. ತಣ್ಣಗಿರುವಾಗ ಕೆಮ್ಮುವ ಎಂಜಿನ್ನನ್ನು ಇವನು ಮೊದಲೇ ಬಿಸಿಮಾಡಿ ಬಾಯಿ ಮುಚ್ಚಿಸಿಟ್ಟಿದ್ದಾನೆ ಎಂಬುದು ಅವರ ತೀರ್ಮಾನ.

ಬಟ್ಟೆ ಗಿರಣಿಯಲ್ಲಿ, ಕೆಳಗಿನಿಂದ ದೀಪ ಉರಿಯುವ ಗಾಜಿನ ಮೇಜಿನ ಮೇಲೆ ಥಾನುಗಟ್ಟಲೆ ಬಟ್ಟೆಯನ್ನು ಹಾಯಿಸಿ, ತಪ್ಪಿದ ಎಳೆಗಳನ್ನು ಹುಡುಕುವುದು ಅವರ ಜೀವಮಾನದ ಉದ್ಯೋಗವಾಗಿತ್ತು. ಅವರು ನಿವೃತ್ತರಾದರೂ ಕಣ್ಣಿಗೆ ನಿವೃತ್ತಿ ಸಿಗಲಿಲ್ಲ. ನಮ್ಮ ಮನೆಗೆ ಬಂದರೆ ಕುರ್ಚಿಯನ್ನು ಒಮ್ಮೆ ಅಲುಗಾಡಿಸದೆ ಕೂರುವುದಿಲ್ಲ, ಸಕ್ಕರೆ ಹಾಕಿದ್ದೇನೆ ಎಂದು ನನ್ನ ಹೆಂಡತಿ ಹೇಳಿದರೆ “ಹೌದೇನು?” ಎನ್ನುತ್ತ ಲೋಟದ ತಳವನ್ನು ಕಲಕಿ ನೋಡುತ್ತಾರೆ. ಅವರ ಬೂದು ಬಣ್ಣದ ಕೋಟು ಜೇಬಿನ ಭಾರಕ್ಕೆ ಸದಾ ಒಂದು ಕಡೆಗೆ ಜೋತುಬಿದ್ದಿರುತ್ತದೆ. ಅದರಲ್ಲಿ ಒಂದು ಟಾರ್ಚು, ಬಟ್ಟೆ ಸುತ್ತಿದ ಅಯಸ್ಕಾಂತ, ಮಡಿಸಿದ ಹಳೆಯ ಪತ್ರಿಕೆ. ಅಯಸ್ಕಾಂತ ಅಂಟದಿದ್ದರೆ ಅಲ್ಲಿ ನೆಗ್ಗಿದ ತಗಡಿನ ಮೇಲೆ ಪುಟ್ಟಿ ಮೆತ್ತಿದ್ದಾರೆ. ಕಾಲಡಿಯ ಕಾರ್ಪೆಟ್ಟಿಗೆ ಒತ್ತಿದ ಪತ್ರಿಕೆ ತೇವವಾದರೆ ಒಳಗೆ ನೀರು ನಿಂತಿದೆ.

ಇಂಥವರನ್ನು ಕಟ್ಟಿಕೊಂಡ ನನ್ನ ಅಕ್ಕನಿಗೆ ಇದ್ದದ್ದು ಒಂದೇ ಆಸೆ. ಬಟ್ಟೆಯ ಚಾವಣಿ ತಾನಾಗಿ ಮಡಚಿಕೊಂಡು ಹಿಂದಕ್ಕೆ ಸರಿಯುವ, ಸಿರಿವಂತರು ಓಡಿಸುವಂಥ ಕಾರಿನಲ್ಲಿ, ತಲೆಯ ಮೇಲೆ ಆಕಾಶವೊಂದನ್ನು ಬಿಟ್ಟು ಬೇರೇನೂ ಇಲ್ಲದೆ ಕೂತು ಹೋಗಬೇಕು. ಹೊಸದು ಕನಸಿಗೂ ಎಟುಕದ್ದು, ಹಳೆಯದಾದರೆ ಹೇಗೋ ಕೊಳ್ಳಬಹುದಾಗಿತ್ತು. ಭಾವ ಬೇಡವೆಂದಿದ್ದರೆ ಜಗಳವಾಡಿ ಗೆಲ್ಲಬಹುದಿತ್ತು. ಆದರೆ ಅವರು ಒಪ್ಪಿಕೊಂಡು ಹುಡುಕಹೊರಟರು. ಒಂದು ಕಾರಿನೊಳಗೆ ಸುಗಂಧ ಘಮಘಮಿಸುತ್ತಿತ್ತು, ಅಂದರೆ ಬೂಷ್ಟಿನ ವಾಸನೆಯನ್ನು ಮುಚ್ಚಿದ್ದಾರೆ. ಇನ್ನೊಂದರ ಎಂಜಿನ್ನು ಥಳಥಳಿಸುತ್ತಿತ್ತು, ಅಂದರೆ ಎಣ್ಣೆ ಸೋರಿದ ಗುರುತನ್ನು ತೊಳೆದಿದ್ದಾರೆ. ಮತ್ತೊಂದರಲ್ಲಿ ಎಷ್ಟು ತಡಕಿದರೂ ಏನೂ ಸಿಗಲಿಲ್ಲ; ಏನೂ ಸಿಗದಂತೆ ಮಾಡಿದವನು ಎಂಥ ಕಿಲಾಡಿಯಿರಬೇಕೆಂಬ ಚಿಂತೆಯಲ್ಲಿ ಆ ದಿನ ಭಾವ ಸರಿಯಾಗಿ ಊಟವನ್ನೇ ಮಾಡಲಿಲ್ಲ.

ಅಷ್ಟರಲ್ಲಿ ಅಕ್ಕನ ಮಂಡಿನೋವು ಬಲಿಯುತ್ತಿತ್ತು. ಆ ಜಾತಿಯ ಕಾರುಗಳ ಸೀಟು ನೆಲಕ್ಕೆ ಹತ್ತಿರ, ಅದಕ್ಕೆ ಇಳಿದು ಏಳುವುದು ಗಟ್ಟಿ ಕಾಲಿನವರಿಗೂ ಕಷ್ಟ. ಒಮ್ಮೆ ನನ್ನೆದುರಿಗೇ ಗಂಡನಿಗೆ ಹೇಳಿದಳು: “ನೋಡಿ, ನನ್ನ ಮಂಡಿ ಇನ್ನೂ ಮಡಚುತ್ತೆ. ಅದೂ ನಿಂತುಹೋದ ಮೇಲೆ ನೀವು ಎಂಥ ಕಾರು ತಂದ್ರೂ ನಾನು ಕೂರಕ್ಕಾಗಲ್ಲ.”

ಭಾವ “ಹೌದೇನು?” ಎಂದರು. ವೈದ್ಯರ ಹತ್ತಿರ ಹೋಗಿ ಬಂದವಳ ಮಂಡಿಯ ಮೇಲೂ ಅವರಿಗೆ ಅನುಮಾನವಿತ್ತು.

ಆಮೇಲೆ ಸಿಕ್ಕಿದವನು ಒಬ್ಬ ಔಷಧಿ ಅಂಗಡಿಯವನು. ಇಸ್ತ್ರಿ ಮಾಡಿದ ಅಂಗಿ, ಮೆತ್ತಗಿನ ಮಾತು. ಬಾನೆಟ್ಟು ತಣ್ಣಗಿತ್ತು. ಭಾವ ಜೇಬಿಗೆ ಕೈಹಾಕುವುದರೊಳಗೆ ಅವನೇ ಶುರುಮಾಡಿದ: “ಸಾರ್, ಮೊದಲೇ ಹೇಳಿಬಿಡ್ತೀನಿ. ಚಾವಣಿ ಎತ್ತೋ ಪಂಪಲ್ಲಿ ಎಣ್ಣೆ ಸೋರುತ್ತೆ, ಒಂದೊಂದು ಸಲ ಅರ್ಧಕ್ಕೇ ನಿಂತುಬಿಡುತ್ತೆ. ನೀರು ಹೋಗೋ ತೂತು ಕಟ್ಟಿಕೊಂಡು ಎಡಗಡೆ ಕಾರ್ಪೆಟ್ ಒದ್ದೆಯಾಗಿದೆ. ಸ್ಪ್ರಿಂಗ್ ಬದಲು ಗಾಳಿ ತುಂಬೋ ಸಸ್ಪೆನ್ಷನ್ನು, ಅದರ ಗಾಳಿ ಇಳಿದು ಬೆಳಿಗ್ಗೆ ಹಿಂದಿನ ಮೂಲೆ ಕುಸಿದಿರುತ್ತೆ. ನಾಳೆ ಹೇಳಲಿಲ್ಲ ಅನ್ನಬೇಡಿ.”

ಭಾವನ ಮುಖದಲ್ಲಿ ಅಂಥ ಬೆಳಕನ್ನು ನಾನು ಕಂಡಿರಲಿಲ್ಲ. ಬಗ್ಗಿ, ತೆವಳಿ, ಆ ದೋಷಗಳನ್ನೇ ಒಂದೊಂದಾಗಿ ಹುಡುಕಿದರು. ಪ್ರತಿಯೊಂದೂ ಅವನು ಹೇಳಿದ ಜಾಗದಲ್ಲೇ ಸಿಕ್ಕಿತು. ತೇವವಾದ ಪತ್ರಿಕೆಯನ್ನು ಬಹುಮಾನ ಬಂದವರಂತೆ ನನ್ನೆದುರು ಹಿಡಿದರು. ಬೇರೆ ಕಾರುಗಳನ್ನು ಊರಾಚೆಯ ಏರಿನವರೆಗೆ ಓಡಿಸಿ, ಚೆನ್ನಾಗಿ ಕಾಯಿಸಿ, ಗೇರ್‌ಬಾಕ್ಸಿನ ಬಣ್ಣ ಬಯಲುಮಾಡುತ್ತಿದ್ದವರು ಇದನ್ನು ಬೀದಿಯ ಕೊನೆಗೆ ಕೊಂಡೊಯ್ದು ಹಿಂದಿರುಗಿಸಿದರು. ಏರು ಹತ್ತಿಸುವುದು ಬೇಡವೇ ಎಂದು ಕೇಳಿದೆ.

“ಇಷ್ಟೆಲ್ಲ ಹೇಳಿದವನು ಅದೊಂದನ್ನ ಮುಚ್ಚಿಡ್ತಾನೇನೋ?” ಎಂದು ನನ್ನನ್ನೇ ಗದರಿಸಿದರು. ಆ ಔಷಧಿ ಅಂಗಡಿಯವನ ಪ್ರಾಮಾಣಿಕತೆ ನನಗೇಕೋ ಅಳತೆಗಿಂತ ಹೆಚ್ಚೆನಿಸಿತ್ತು. ಆದರೆ ಅನುಮಾನಪಡುವುದನ್ನು ಭಾವನಿಗೆ ಹೇಳಿಕೊಡುವಷ್ಟು ದೊಡ್ಡವನು ನಾನಲ್ಲ.

ಕಾರು ಕೊಂಡು, ಅವನು ಹೇಳಿದ ದೋಷಗಳನ್ನೆಲ್ಲ ಭಾವ ಮುಂದೆ ನಿಂತು ರಿಪೇರಿ ಮಾಡಿಸಿದರು. ಮೊದಲ ಸವಾರಿಯ ದಿನ ಚಾವಣಿ ಎಲ್ಲೂ ತಡೆಯದೆ ಮಡಚಿಕೊಂಡಿತು. ಅಕ್ಕ ನನ್ನ ಭುಜ ಹಿಡಿದು, ಹಲ್ಲು ಕಚ್ಚಿ, ಮುಂದಿನ ಸೀಟಿಗೆ ಇಳಿದಳು. ಹಿಂದಿನ ಇಕ್ಕಟ್ಟಿನಲ್ಲಿ ನಾನು ಮುದುಡಿ ಕೂತೆ. ಊರು ದಾಟಿದರೂ ಅವಳು ಆಕಾಶದತ್ತ ಮುಖವೆತ್ತಿಯೇ ಕೂತಿದ್ದಳು. ಏರಿನ ಅರ್ಧದಲ್ಲಿ ಕಾರು ಒಮ್ಮೆ ನಡುಗಿತು. ಎಂಜಿನ್ನು ಅರಚಿತು, ಚಕ್ರ ಮಾತ್ರ ತಿರುಗಲೊಲ್ಲದು.

ಎಳೆದೊಯ್ಯುವ ಲಾರಿಯೊಡನೆ ಬಂದ ಮೆಕ್ಯಾನಿಕ್ ಗೇರ್ ಎಣ್ಣೆಯನ್ನು ಬೆರಳಿಗೆ ಹಚ್ಚಿ ಮೂಸಿದ. ಸುಟ್ಟು ಕರಕಾಗಿದೆ, ಇದು ಇವತ್ತಿನ ರೋಗವಲ್ಲ, ಗೇರ್‌ಬಾಕ್ಸನ್ನೇ ಬದಲಾಯಿಸಬೇಕು, ಅದರ ಬದಲು ಕಾರನ್ನು ಗುಜರಿಗೆ ಹಾಕುವುದೇ ಲೇಸು ಎಂದ. ನನಗೆ ಮೈಯೆಲ್ಲ ಉರಿಯಿತು. ಆ ಕಳ್ಳನಿಗೆ ಈಗಲೇ ಫೋನು ಮಾಡಿ ಎಂದೆ. ಭಾವ ಸ್ಟೀರಿಂಗಿನ ಮೇಲೆ ಕೈಯಿಟ್ಟುಕೊಂಡೇ, “ಪಾಪ, ಅವನಿಗೂ ಗೊತ್ತಿರಲಿಕ್ಕಿಲ್ಲ ಕಣೋ” ಎಂದರು.

ಅಕ್ಕ ಆಕಾಶದಿಂದ ಕಣ್ಣಿಳಿಸಿ ಗಂಡನತ್ತ ತಿರುಗಿದಳು. ದನಿ ಏರಿಸದೆ ಕೇಳಿದಳು: “ಮದುವೆಯಾದಾಗಿಂದ ನನ್ನ ಒಂದು ಮಾತನ್ನಾದರೂ ಹೀಗೆ ನಂಬಿದ್ದೀರೇನ್ರೀ?”

ಸಂಶಯಪ್ರಕೃತಿಯವರಲ್ಲಿ ನಂಬಿಕೆಗೆ ಬರವೆಂದು ನಾವು ತಿಳಿಯುತ್ತೇವೆ, ಆದರೆ ಅವರಷ್ಟು ನಂಬಿಕೆಯನ್ನು ಕೂಡಿಟ್ಟವರು ಬೇರೆ ಯಾರೂ ಇರಲಾರರು. ಮನೆಯವರಿಗೆ ತೊಟ್ಟೂ ಕೊಡದೆ ಅದನ್ನು ಜೋಪಾನಮಾಡಿ, ಯಾವನೋ ಅಪರಿಚಿತ ತನ್ನ ಸಣ್ಣಪುಟ್ಟ ತಪ್ಪುಗಳನ್ನು ಬಾಯಿತುಂಬ ಒಪ್ಪಿಕೊಂಡ ದಿನ ಅಷ್ಟನ್ನೂ ಅವನ ಬೊಗಸೆಗೆ ಸುರಿದುಬಿಡುತ್ತಾರೆ. ಅವರೊಡನೆ ಬಾಳುವವರು ಮಾತ್ರ ದಿನವೂ ನಿಜವನ್ನೇ ಹೇಳುತ್ತ, ನಂಬಿಸಲಾರದೆ ಮುದುಕರಾಗುತ್ತಾರೆ.