ಕಾಲರಿನಿಂದ ಮೇಲೆ

ದರ್ಜಿಯ ಮನೆಯ ಆಲ್ಬಮ್ಮಿನಲ್ಲಿ ಯಾರಿಗೂ ತಲೆಯಿಲ್ಲ. ಮಗಳ ಮದುವೆಯಿರಲಿ, ತಂಗಿಯ ಮಗನ ಹುಟ್ಟುಹಬ್ಬವಿರಲಿ, ಹಳೆಯ ರೀಲಿನ ಕ್ಯಾಮೆರಾದಲ್ಲಿ ಅವನು ತೆಗೆದ ಫೋಟೋಗಳೆಲ್ಲ ಕಾಲರಿನಿಂದ ಶುರುವಾಗಿ ಅಂಚಿನ ಹೊಲಿಗೆಯಲ್ಲಿ ಮುಗಿಯುತ್ತಿದ್ದವು. ಮೂವತ್ತೈದು ವರ್ಷ ಮನುಷ್ಯರನ್ನು ಭುಜ, ಎದೆ, ತೋಳು ಎಂದೇ ನೋಡಿದ ಕಣ್ಣು ಅದು. ಭುಜದ ಹೊಲಿಗೆ ನೆಟ್ಟಗೆ ಕೂತಿದೆ ಎಂದು ಕಂಡ ಕೂಡಲೇ ಬೆರಳು ತಾನಾಗಿ ಬಟನ್ ಒತ್ತಿಬಿಡುತ್ತಿತ್ತು.

“ನಮ್ಮನೇಲಿ ಯಾರಾದ್ರೂ ಕಳೆದುಹೋದ್ರೆ ಪೊಲೀಸರಿಗೆ ಅಂಗಿ ತೋರಿಸಿ ಹುಡುಕಿಸಬೇಕು,” ಎನ್ನುತ್ತಿದ್ದಳು ಹೆಂಡತಿ.

ಅವನೂ ನಗುತ್ತಿದ್ದ. ಈ ವಾರ ಮಾತ್ರ ನಗು ಬರಲಿಲ್ಲ. ಭಾನುವಾರ ಅಕ್ಕ ಬಂದು ಅಮ್ಮನನ್ನು ತನ್ನ ಮನೆಗೆ ಕರೆದೊಯ್ಯುವವಳಿದ್ದಳು. ಅಂಗಡಿಯ ಮೇಲಿನ ಈ ಮನೆಗೆ ಹತ್ತೊಂಬತ್ತು ಕಡಿದಾದ ಮೆಟ್ಟಿಲು. ಅಮ್ಮನಿಗೆ ಇನ್ನು ಅದು ಆಗದು. ಅವಳು ಹೋದ ಮೇಲೆ ನೋಡಿಕೊಳ್ಳಲು ಮುಖವಾದರೂ ಬೇಡವೇ ಎಂದು ಆಲ್ಬಮ್ ತಿರುವಿದರೆ, ಅಷ್ಟು ವರ್ಷಗಳಿಂದ ಸಿಕ್ಕಿದ್ದು ಅಮ್ಮನ ಹನ್ನೊಂದು ತೋಳು, ಒಂದು ಶಾಲು. ಹಳೆಯ ಕ್ಯಾಮೆರಾವೂ ಕೆಟ್ಟು ಕೂತಿತ್ತು.

ಶನಿವಾರ ಗಂಡ ಹೆಂಡತಿ ಕ್ಯಾಮೆರಾ ಅಂಗಡಿಗೆ ಹೋದರು.

“ಸುಲಭದ್ದು ಕೊಡಿ,” ಎಂದ ದರ್ಜಿ.

“ಎಷ್ಟು ಸುಲಭದ್ದು?” ಅಂಗಡಿಯಾಕೆ ಕೇಳಿದಳು.

“ಇವರಿಗೆ ಬರೋವಷ್ಟು,” ಎಂದಳು ಹೆಂಡತಿ.

“ಫೋನಲ್ಲೇ ತೆಗೀಬಹುದಲ್ಲ ಸರ್?”

“ಅಯ್ಯೋ, ಬೇಡಮ್ಮ,” ಹೆಂಡತಿಯೇ ಉತ್ತರಿಸಿದಳು. “ಮೊನ್ನೆ ಫೋಟೋ ತೆಗೀತೀನಿ ಅಂತ ಹೋಗಿ ಒಬ್ಬ ಗಿರಾಕಿಗೆ ಮೂರು ಸಲ ಫೋನ್ ಮಾಡಿದ್ರು. ಪಾಪ, ಪ್ಯಾಂಟ್ ರೆಡಿಯಾಯ್ತು ಅಂತ ಆತ ಓಡಿ ಬಂದ.”

ಅಂಗಡಿಯಾಕೆ ಮೊದಲು ತೋರಿಸಿದ್ದು ಕಪ್ಪನೆಯ, ಭಾರದ ಕ್ಯಾಮೆರಾ. ಮೇಲೊಂದು ತಿರುಗುವ ಚಕ್ರ, ಅದರ ಸುತ್ತ ಅಕ್ಷರಗಳು. ದರ್ಜಿ ಅದನ್ನು ಹಸುಗೂಸಿನಂತೆ ಎರಡೂ ಕೈಯಲ್ಲಿ ಇಸಿದುಕೊಂಡು, ಹಾಗೇ ವಾಪಸ್ ಕೊಟ್ಟ. ಎರಡನೆಯದು ತೀರ ಪುಟ್ಟದು. ಕತ್ತರಿ ಹಿಡಿದು ಜಡ್ಡುಗಟ್ಟಿದ ಹೆಬ್ಬೆರಳು ಒಂದೇ ಸಲಕ್ಕೆ ಎರಡು ಬಟನ್ ಒತ್ತಿತು. ಮೂರನೆಯದು ಅಂಗೈಯಗಲ. ಹಿಂದೆ ದೊಡ್ಡ ಪರದೆ, ಮೇಲೆ ಒಂದೇ ಒಂದು ದಪ್ಪ ಬಟನ್.

“ಇದು ಮುಖ ತಾನೇ ಹುಡುಕುತ್ತೆ ಸರ್. ಸಿಕ್ಕಿದ ಕೂಡಲೇ ಸುತ್ತ ಹಸಿರು ಚೌಕ ಬರುತ್ತೆ. ಬಂದ್ರೆ ಒತ್ತಿ, ಬರದಿದ್ರೆ ಒತ್ತಬೇಡಿ. ಅಷ್ಟೇ.”

ದರ್ಜಿ ಅವಳತ್ತಲೇ ಹಿಡಿದು ಒತ್ತಿದ. ಪರದೆಯ ತುಂಬ ಅವಳ ಕಾಲರ್.

“ಚೌಕ ಬಂದಿತ್ತಾ ಸರ್?”

“ಇಲ್ಲಮ್ಮ. ಆದ್ರೆ ನಿಮ್ಮ ಎಡಗಡೆ ಭುಜ ಕಾಲು ಇಂಚು ಇಳಿದಿದೆ. ಬಿಚ್ಚಿ ಹೊಲಿಸಿ.”

ಹೆಂಡತಿ ಹಣೆ ಚಚ್ಚಿಕೊಂಡಳು. ಅಂಗಡಿಯಾಕೆ ಕನ್ನಡಿಯ ಕಡೆ ತಿರುಗಿ ಭುಜ ನೋಡಿಕೊಂಡಳು. ನಾಲ್ಕನೆಯ ಸಲಕ್ಕೆ ಅವನು ಉಸಿರು ಬಿಗಿಹಿಡಿದು ಚೌಕಕ್ಕಾಗಿ ಕಾದ. ಹೆಂಡತಿಯ ಮುಖ, ನೆತ್ತಿಯಿಂದ ಗದ್ದದವರೆಗೆ, ಇಡಿಯಾಗಿ ಬಂತು. ಅವನು ಬಹಳ ಹೊತ್ತು ಅದನ್ನೇ ನೋಡಿದ.

“ಯಾಕ್ರೀ, ಗುರುತು ಸಿಗಲಿಲ್ವಾ?”

“ಸಿಕ್ತು ಕಣೇ,” ಎಂದ. ಅದನ್ನೇ ಕೊಂಡರು.

ಭಾನುವಾರ ಅಕ್ಕ ಬಂದಳು. ಅಮ್ಮನ ಪೆಟ್ಟಿಗೆ ಕೆಳಗಿಳಿಯಿತು. ಕಿಟಕಿಯ ಬೆಳಕಿಗೆ ಕುರ್ಚಿ ಹಾಕಿ ಅಮ್ಮನನ್ನು ಕೂರಿಸಿ, ದರ್ಜಿ ಎದುರು ನಿಂತ. ಅಕ್ಕನಿಗೆ ಚೌಕ ಬಂತು, ಹೆಂಡತಿಗೆ ಬಂತು, ಗೋಡೆಯ ಗಡಿಯಾರಕ್ಕೂ ಬಂತು. ಅಮ್ಮನಿಗೆ ಮಾತ್ರ ಬರಲಿಲ್ಲ.

ಅವನಿಗೆ ಈ ಕೆಲಸ ಕಲಿಸಿದವಳೇ ಅಮ್ಮ. ನಲವತ್ತು ವರ್ಷ ಹೊಲಿಗೆ ಯಂತ್ರದ ಮುಂದೆ ಬಾಗಿದ ಕತ್ತು ಈಗ ಮೇಲೇಳುವುದಿಲ್ಲ. ಕ್ಯಾಮೆರಾಕ್ಕೆ ಕಂಡದ್ದು ಬೆಳ್ಳಗಿನ ಬೈತಲೆ ಅಷ್ಟೇ.

“ಅಮ್ಮ, ಸ್ವಲ್ಪ ತಲೆ ಎತ್ತು.”

“ಎತ್ತೇ ಇದೀನಿ ಕಣೋ.”

“ಬಿಡೋ, ಟ್ಯಾಕ್ಸಿ ಕಾಯ್ತಿದೆ,” ಎಂದಳು ಅಕ್ಕ. “ನಿನ್ನ ಹಣೇಲಿ ಬರೆದಿರೋದು ಅಂಗಿ ಮಾತ್ರ.”

ಕೆಳಗಿನಿಂದ ಹಾರ್ನ್ ಕೇಳಿಸಿತು. ದರ್ಜಿ ಒಂದು ಗಳಿಗೆ ಕಣ್ಣು ಮುಚ್ಚಿದ. ಪ್ರಾರ್ಥಿಸಿದನೋ, ಯೋಚಿಸಿದನೋ, ಆ ಎರಡರ ನಡುವಿನ ಗೆರೆ ಎಲ್ಲಿದೆ ಎಂದು ದೇವರಿಗೊಬ್ಬನಿಗೇ ಗೊತ್ತು. ಕಣ್ಣು ತೆರೆದವನು, ಗಿರಾಕಿಯ ಪ್ಯಾಂಟಿನ ಅಂಚಿಗೆ ಸೀಮೆಸುಣ್ಣದ ಗುರುತು ಹಾಕುವವನಂತೆ ಎರಡೂ ಮಂಡಿ ನೆಲಕ್ಕೂರಿದ. ಅಮ್ಮನ ಪಾದದ ಬಳಿಗೆ ಸರಿದು, ಕ್ಯಾಮೆರಾವನ್ನು ಕೆಳಗಿನಿಂದ ಮೇಲಕ್ಕೆ ಹಿಡಿದ.

“ಇಷ್ಟು ದಿನ ತಲೆ ಇರಲಿಲ್ಲ. ಇನ್ಮೇಲೆ ಬರೀ ಪಾದ ನೋಡ್ರಿ,” ಎಂದಳು ಹೆಂಡತಿ.

ಅವನು ಪರದೆ ನೋಡಿದ. ಮುಖ ಅಲ್ಲಿತ್ತು. ಇಷ್ಟು ವರ್ಷ ಸೂಜಿಯ ಕೆಳಗಿನ ಬಟ್ಟೆಗೆ ಮಾತ್ರ ನೆಟ್ಟಗೆ ಕಂಡಿದ್ದ ಮುಖ.

“ಏನೋ ಇದು, ಈ ವಯಸ್ಸಲ್ಲಿ ಅಂಬೆಗಾಲು?” ಅಮ್ಮ ನಕ್ಕುಬಿಟ್ಟಳು.

ಚೌಕ ಬಂತು. ಒತ್ತಿದ.

ಅಕ್ಕನೂ ಹೆಂಡತಿಯೂ ನೆಲಕ್ಕೆ ಕುಕ್ಕರಿಸಿ ಪರದೆಗೆ ಇಣುಕಿದರು. ಯಾರಿಗೂ ಗೇಲಿ ಹೊಳೆಯಲಿಲ್ಲ. ಅಮ್ಮ ಕ್ಯಾಮೆರಾವನ್ನು ಮಡಿಲಲ್ಲಿಟ್ಟುಕೊಂಡು ಕನ್ನಡಕ ಸರಿಮಾಡಿಕೊಂಡಳು.

“ಥೇಟ್ ನಮ್ಮಮ್ಮನ ಹಾಗೇ ಆಗಿದೀನಲ್ಲೋ,” ಎಂದಳು ನಿಧಾನವಾಗಿ. “ನೀವ್ಯಾರೂ ಹೇಳಲೇ ಇಲ್ಲ.”

ಕೆಳಗೆ ಮತ್ತೊಮ್ಮೆ ಹಾರ್ನ್.

“ಕಾಯೋಕೆ ಹೇಳು ಅವನಿಗೆ,” ಎಂದು ಅಮ್ಮ ಪರದೆಯನ್ನು ಸೆರಗಿನಿಂದ ಒರೆಸಿ, ಮತ್ತೆ ನೋಡತೊಡಗಿದಳು.