ಬೆಲ್ಲ-ನೀರು ಸಾಕಾ

ಮೂರನೆಯ ಸಲ ರಂಗಮಂದಿರ ನಕ್ಕಾಗ ಶರಾವತಿ ವೇದಿಕೆಯನ್ನು ಬಿಟ್ಟು ಪಕ್ಕದಲ್ಲಿ ಕೂತಿದ್ದ ಗಂಡನ ತುಟಿಗಳನ್ನು ನೋಡಿದಳು. ಅವು ಅಲುಗುತ್ತಿದ್ದವು. "ಚಾ ಮಾಡ್ಲಾ, ಕಾಫಿ ಮಾಡ್ಲಾ, ಹಾಲು ಕಾಸ್ಲಾ, ಬೆಲ್ಲ-ನೀರು ಸಾಕಾ?" ಎಂದು ನಟಿ ಒಂದೇ ಉಸಿರಿನಲ್ಲಿ ಕೇಳುವುದಕ್ಕೆ ಒಂದು ಎವೆಯಿಕ್ಕುವಷ್ಟು ಮೊದಲೇ ಮಾಬ್ಲೇಶ್ವರ ಹೆಗಡೆ ಅದನ್ನು ಸದ್ದಿಲ್ಲದೆ ಹೇಳಿ ಮುಗಿಸುತ್ತಿದ್ದ. ತಾಲೀಮಿಗೆ ಕೂತವನಿಗೆ ಮಾತ್ರ ತಿಳಿಯುವ ಲಯ ಅದು. ವಾರಕ್ಕೆರಡು ಸಲ ಅಂಕೋಲೆಯಿಂದ ಕಾರವಾರಕ್ಕೆ ಅವನು ಬಂದುಹೋಗುತ್ತಿದ್ದದ್ದು ಹಲ್ಲಿನ ಡಾಕ್ಟರರ ಹತ್ತಿರವೆಂದು ಅವಳು ನಂಬಿದ್ದಳು.

ನಾಟಕಕ್ಕೆ ಬರಲು ಅವಳು ಮೂರು ವಾರ ಒಪ್ಪಿರಲಿಲ್ಲ. ಆ ಒಂದು ಮಾತು ಇದ್ದರೆ ತಾನು ಬರುವುದಿಲ್ಲವೆಂದು ಖಡಾಖಂಡಿತ ಹೇಳಿದ್ದಳು. ಇವತ್ತು ಬೆಳಿಗ್ಗೆ ಅವನು ಅಂಗಿಯ ಗುಂಡಿ ಹಾಕಿಕೊಳ್ಳುತ್ತ, ಅವಳ ಕಡೆ ತಿರುಗದೆ, "ತೆಗ್ಸಿದ್ದಿ, ಬಾ" ಎಂದಿದ್ದ, ಆ ಮಾತನ್ನು ತಾನು ತೆಗೆಸಿದ್ದೇನೆಂದು. ಅಷ್ಟು ಸಾಕೆಂದು ಅವಳು ಸೀರೆ ಉಟ್ಟು ಹೊರಟಿದ್ದಳು.

ಸುಂಕಸಾಳದಿಂದ ಮದುವೆಯಾಗಿ ಕಾರವಾರದ ಕೋಡಿಬಾಗದ ಎರಡು ಕೋಣೆಗಳ ಬಾಡಿಗೆ ಮನೆಗೆ ಬಂದಾಗ ಅವಳಿಗೆ ಇಪ್ಪತ್ತೊಂದು. ಗಂಡ ಕಚೇರಿಯೊಂದರಲ್ಲಿ ಗುಮಾಸ್ತ. ಸಂಜೆಯಾದರೆ ಅವನ ಸಾಹಿತ್ಯದ ಗೆಳೆಯರು ಬಂದು, ಹೊಳೆಯ ಮೇಲಿನ ಬೆಳಕು ಆರುವವರೆಗೂ ಕವಿತೆಗಳ ಬಗ್ಗೆ ಜಗಳವಾಡುತ್ತಿದ್ದರು. ಮನೆಗೆ ಕಾಲಿಟ್ಟವರನ್ನು "ಆಸರಿಗೆ ಎಂತ ಮಾಡ್ಲಿ?" ಎಂದು, ಬಾಯಾರಿಕೆಗೆ ಏನು ಕೊಡಲೆಂದು, ಮೊದಲು ಕೇಳಬೇಕು. ಕೇಳದ ಮನೆಯನ್ನು ಅವಳ ಕಡೆಯವರು ಮನೆಯೆಂದು ಕರೆಯುವುದಿಲ್ಲ. ಹಾಲಾದರೋ ದಿನಕ್ಕೆ ಒಂದೇ ಕುಡ್ತೆ, ಒಂದು ಲೋಟದಷ್ಟು, ಅದೂ ಕೂಸಿಗೆ. ಹೀಗಾಗಿ ಅವಳೊಂದು ದಾರಿ ಕಂಡುಕೊಂಡಿದ್ದಳು. ಎಲ್ಲವನ್ನೂ ತುಂಬಿದ ಮನೆಯ ಉತ್ಸಾಹದಿಂದ ಒಂದೇ ಉಸಿರಿಗೆ ಕೇಳಿ, ಕೊನೆಯಲ್ಲಿ ಬೆಲ್ಲ-ನೀರನ್ನಿಟ್ಟರೆ, ಮರ್ಯಾದೆಯುಳ್ಳ ಯಾರೂ ಅದನ್ನು ದಾಟಿ ಹಿಂದಕ್ಕೆ ಕೈಚಾಚುತ್ತಿರಲಿಲ್ಲ. ಹಾಲು ಉಳಿಯುತ್ತಿತ್ತು, ಮಾನವೂ ಉಳಿಯುತ್ತಿತ್ತು. ಒಂದು ಮಧ್ಯಾಹ್ನ ಗಂಡನಿಗೆ ಬಡಿಸುತ್ತ ಇದನ್ನು ಹೇಳಿದ್ದಳು, ತುಸು ಹೆಮ್ಮೆಯಿಂದಲೇ. ಅವನು ನಗಲಿಲ್ಲ. ನಗದೆ ಕೇಳಿಸಿಕೊಂಡದ್ದು ಆಗ ಅವಳಿಗೆ ಪ್ರೀತಿಯಂತೆ ಕಂಡಿತ್ತು.

ಮರುವರ್ಷ ಅವನು ಬರೆದ 'ಕೋಡಿಬಾಗದ ಬಾಡಿಗೆ ಮನೆ' ದೂರದರ್ಶನದಲ್ಲಿ ಇಪ್ಪತ್ತಾರು ವಾರ ಬಂತು. ಜಿಪುಣಿ ಹೆಂಡತಿಯೊಬ್ಬಳು ಪ್ರತಿ ಕಂತಿನಲ್ಲೂ ಅದೇ ಮಾತಾಡಿ ನಾಡನ್ನು ನಗಿಸಿದಳು. ಆಮೇಲೆ ಮನೆಗೆ ಬಂದವರು ಶರಾವತಿ ಬಾಯಿ ತೆರೆಯುವ ಮೊದಲೇ, ಚಪ್ಪಲಿ ಬಿಡುತ್ತಲೇ, "ಬೆಲ್ಲ-ನೀರು ಸಾಕು ಅಕ್ಕಾ" ಎನ್ನತೊಡಗಿದರು. ಎಷ್ಟೋ ವರ್ಷಗಳ ಮೇಲೆ ಮಗಳ ಮದುವೆಯಲ್ಲಿ ಬೀಗರೂ ಅಂದರು. ಅವಳಾದರೋ ಮೊದಲ ವರ್ಷವೇ ಕೇಳುವುದನ್ನು ಬಿಟ್ಟಿದ್ದಳು. ಅಂಕೋಲೆಯ ಸ್ವಂತ ಮನೆಗೆ ಯಾರೇ ಬರಲಿ, ಮಾತಿಲ್ಲದೆ ತಟ್ಟೆಯಲ್ಲಿ ಲೋಟಗಳನ್ನು ತಂದಿಟ್ಟು ಒಳಗೆ ಹೋಗುತ್ತಿದ್ದಳು. ಹೆಗಡೆಯ ಹೆಂಡತಿಗೆ ಸೊಕ್ಕು ಎಂದು ಊರು ಹೇಳಿತು.

ಈಗ ನಾಟಕವಾಗಿದ್ದ ಅದೇ ಕಥೆಯಲ್ಲಿ, ವೇದಿಕೆಯ ಮೇಲೆ, ಐದನೆಯ ಅತಿಥಿ ಬಂದಿದ್ದ. ಸಭೆಯೇ ಒಕ್ಕೊರಲಿನಿಂದ ಆ ಮಾತನ್ನು ಹೇಳಿತು.

ಪರದೆ ಬಿದ್ದು ಮತ್ತೆ ಎದ್ದಾಗ ನಿರ್ದೇಶಕ ರೂಪೇಶ ದಂಪತಿಗಳನ್ನು ಮೇಲೆ ಕರೆದ. ಶಾಲು ಹೊದೆಸಿದರು, ಹಣ್ಣಿನ ಬುಟ್ಟಿ ಕೊಟ್ಟರು. ಮೂಲ ಧಾರಾವಾಹಿ ಬಂದಾಗ ತಾನಿನ್ನೂ ಹುಟ್ಟಿರಲಿಲ್ಲವೆಂದೂ, ಈ ಮಾತಿನ ಒಡತಿಯನ್ನು ಕಣ್ಣಾರೆ ನೋಡುವುದು ಕಾರವಾರದ ಭಾಗ್ಯವೆಂದೂ ಹೇಳಿ, ರೂಪೇಶ ಮೈಕನ್ನು ಅವಳ ಮುಖದ ಹತ್ತಿರ ತಂದ.

"ವೈನಿ, ಒಂದ್ಸಲ ನಿಮ್ಮ ಬಾಯಿಂದ ಆಗ್ಲಿ. ಜನ ಅದಕ್ಕೇ ಕೂತಿದ್ರು ನೋಡಿ."

ಶರಾವತಿ ಮೈಕು ತೆಗೆದುಕೊಂಡಳು. ಗಂಡ ಅವಳ ಮೊಣಕೈಯನ್ನು ಮೆಲ್ಲಗೆ ಮುಟ್ಟಿದ, ಮಗುವನ್ನು ಪದ್ಯಕ್ಕೆ ನಿಲ್ಲಿಸುವವನಂತೆ.

"ಆಗ ಮನೇಲಿ ಒಂದೇ ಕುಡ್ತೆ ಹಾಲು" ಎಂದಳು. "ಅದು ಕೂಸಿಗೆ. ಬಂದವ್ರ ಹತ್ರ ಇಲ್ಲ ಅನ್ಲಿಕ್ಕೆ ನಾಚ್ಕೆ, ಅದಕ್ಕೇ ಹಾಗೆ ಕೇಳ್ತಿದ್ದೆ. ಇದನ್ನ ಇವ್ರಿಗೆ ಒಬ್ರಿಗೇ ಹೇಳಿದ್ದೆ."

ಸಭೆ ನಕ್ಕಿತು; ಇಡೀ ಮಧ್ಯಾಹ್ನದಲ್ಲೇ ದೊಡ್ಡ ನಗು. ಹಿಂದಿನ ಸಾಲಿನಿಂದ ಯಾರೋ "ವನ್ಸ್ ಮೋರ್" ಎಂದು ಕೂಗಿದರು. ರೂಪೇಶ ಕೈ ಮುಗಿದು, ಮುಂದಿನ ಪ್ರದರ್ಶನಕ್ಕೆ ಇದನ್ನೂ ಸೇರಿಸಿಕೊಳ್ಳುವುದಾಗಿ ಘೋಷಿಸಿದ. ಮಾಬ್ಲೇಶ್ವರ ಹೆಗಡೆ ನಗಲಿಲ್ಲ. ಮುಂದಿನ ಸಾಲನ್ನು ನೋಡಿ, ಯಾರಿಗೂ ಅರ್ಥವಾಗಿಲ್ಲವೆಂದು ಖಚಿತವಾದ ಮೇಲೆ ಶಾಲನ್ನು ಸರಿಮಾಡಿಕೊಂಡ.

ಬಣ್ಣದ ಕೋಣೆಯ ಬಾಗಿಲಲ್ಲಿ, ಹೆಂಡತಿಯ ಪಾತ್ರ ಮಾಡಿದ ಪ್ರೇಕ್ಷಾ ಅವಳನ್ನು ತಡೆದಳು. ಅರ್ಧ ಮುಖದ ಬಣ್ಣ ಹೋಗಿತ್ತು.

"ಅಜ್ಜೀ, ಪಾಪುಗೆ ಆಗ ಎಷ್ಟು ತಿಂಗ್ಳು?"

"ಏಳು."

"ಮೊದ್ಲೇ ಗೊತ್ತಿದ್ರೆ ನಾ ಹಾಗೆ ಹೇಳ್ತಿರ್ಲಿಲ್ಲ."

"ಹೇಗೆ ಹೇಳ್ತಿದ್ದೆ?"

ಹುಡುಗಿ ಆ ಮಾತನ್ನು ತುಟಿಯಲ್ಲೇ ನಿಧಾನವಾಗಿ ಹೇಳಿ ನೋಡಿದಳು.

"ಹೇಗೆ ಹೇಳಿದ್ರೂ ನಗ್ತಿದ್ರು" ಎಂದಳು ಶರಾವತಿ. "ಹೋಗು, ಮುಖ ತೊಳ್ಕ."

ತಂಡದವರ ಜೀಪು ಬೇಡವೆಂದು ಅವಳು ನಡೆದೇ ಬಸ್‌ಸ್ಟ್ಯಾಂಡಿಗೆ ಬಂದಳು. ಹಿಂದೆ ಹಣ್ಣಿನ ಬುಟ್ಟಿ ಹಿಡಿದು ಅವನೂ ಬಂದ. ಅಂಕೋಲೆಯ ಬಸ್ಸು ಹೆಚ್ಚುಕಡಿಮೆ ಖಾಲಿ. ಇಬ್ಬರು ಕೂರುವ ಸೀಟಿನ ಹೊರಬದಿಗೆ ಅವಳು ಕೂತಳು. ಅವನು ಪಕ್ಕದಲ್ಲಿ ನಿಂತು, ಅವಳು ಸರಿದು ಜಾಗ ಕೊಡಲೆಂದು ಕಾದ.

"ತೆಗ್ಸಿದ್ದಿ ಹೇಳಿದ್ರಿ" ಎಂದಳು.

"ಅದನ್ನ ತೆಗೆದ್ರೆ ನಾಟಕವೇ ಉಳೀತಿತ್ತಿಲ್ಲೆ." ಅವನ ದನಿಯಲ್ಲಿ ನಾಚಿಕೆಗಿಂತ ಬೇಸರವೇ ಹೆಚ್ಚಿತ್ತು. "ಆ ಮಾತಿಂದ್ಲೇ ಅಂಕೋಲೆಲಿ ಮನೆ ಆತು. ನೆನಪಿದ್ದಾ?"

"ಮನೆ ಆತು. ಅಲ್ಲಿಗೆ ಬಂದವ್ರ ಹತ್ರ ಆನು ಬಾಯಿ ಬಿಡದೇ ಮೂವತ್ತೈದು ವರ್ಷ ಆತು. ಅದು ನಿಂಗಕ್ಕೆ ನೆನಪಿದ್ದಾ?"

ಕಂಡಕ್ಟರು ಬಂದು, ಇಬ್ಬರೂ ಒಟ್ಟಿಗೆಯೇ ಎಂದು ಕೇಳಿದ. ಶರಾವತಿ ಚೀಲದಿಂದ ಆಧಾರ್ ಕಾರ್ಡು ತೆಗೆದು ತೋರಿಸಿದಳು.

"ನಂದೊಂದು. ಅಂಕೋಲೆ."

ಹೆಂಗಸರ ಉಚಿತ ಟಿಕೆಟನ್ನು ಹರಿದು ಕೊಟ್ಟು ಕಂಡಕ್ಟರು ಅವನ ಮುಖ ನೋಡಿದ. ಹೆಗಡೆ ಬುಟ್ಟಿಯನ್ನು ಕಂಕುಳಿಗೆ ಒತ್ತಿಕೊಂಡು ಜೇಬಿಗೆ ಕೈಹಾಕಿದ.

ಬಸ್ಸು ಊರು ಬಿಟ್ಟು ಬಿಣಗಾದ ಏರನ್ನು ಹತ್ತತೊಡಗಿತು. ಕೆಳಗೆ ಕಡಲು ತಾಮ್ರದ ಬಣ್ಣಕ್ಕೆ ತಿರುಗಿತ್ತು. ಹಿಂದೆ ಎಷ್ಟೋ ಸೀಟುಗಳು ಖಾಲಿಯಿದ್ದರೂ ಅವನು ಕಂಬಿ ಹಿಡಿದು ಅಲ್ಲೇ ನಿಂತಿದ್ದ. ತಿರುವಿನಲ್ಲಿ ಬಸ್ಸು ವಾಲಿದಾಗ ಶರಾವತಿ ಕಿಟಕಿಯ ಕಡೆಗೆ ಸರಿಯಲಿಲ್ಲ. ಚೀಲವನ್ನು ಮಡಿಲಿಗೆ ಎಳೆದುಕೊಂಡು, ಸೀಟಿನ ನಟ್ಟನಡುವೆ ಬಂದು ಕೂತಳು.